ಆಕಾಶಮಾರ್ಗದಲ್ಲಿ ಕಾಶಿಗೆ

ಕಾಶಿಯಾತ್ರೆಯೆಂಬುದು ನಮ್ಮ ಹಿರಿಯರ ಪಾಲಿಗೆ ಆಯುಷ್ಯದ ಒಂದು ಪರ್ವವೇ ಆಗಿದ್ದಿತು. ಹೊಲಮನೆಗಳ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿ, ಕೊಡಬೇಕಾದ ಸಾಲಗಳನ್ನು ತೀರಿಸಿ, ಹಿಂದಿರುಗಿ ಬರುವುದು ದೈವೇಚ್ಛೆಯೆಂದು ಬಂಧುಬಾಂಧವರ ಅನುಮತಿಯನ್ನು ಪಡೆದು ಹೊರಟವರು, ಎದುರಾದ ನದಿಗಳಲ್ಲೆಲ್ಲ ಮಿಂದು, ಸಂಜೆಯಾದಲ್ಲಿ ತಂಗಿ, ತಿಂಗಳುಗಟ್ಟಲೆ ದಾರಿಯನ್ನು ಸವೆಸಿ ಆ ಕ್ಷೇತ್ರವನ್ನು ಮುಟ್ಟುತ್ತಿದ್ದರು. 1830ರ ಮೇ ತಿಂಗಳಲ್ಲಿ ಮದರಾಸಿನಿಂದ ಪರಿವಾರಸಮೇತರಾಗಿ ಹೊರಟ ಏನುಗುಲ ವೀರಾಸ್ವಾಮಿ ಎಂಬ ಮಹನೀಯರು ಹೈದರಾಬಾದು, ನಾಗಪುರ, ಪ್ರಯಾಗಗಳ ಮೇಲೆ ಕಾಶಿಯನ್ನು ಸೇರಿ ಮರಳಿ ಮದರಾಸನ್ನು ಮುಟ್ಟುವ ವೇಳೆಗೆ 1831ರ ಸೆಪ್ಟೆಂಬರ್ ಬಂದಿದ್ದಿತು. ದಾರಿಯ ಊರು, ಹೊಳೆ, ಛತ್ರಗಳನ್ನು ಅವರು ತೆಲುಗಿನಲ್ಲಿ ಬರೆದಿಟ್ಟ ಯಾತ್ರಾಚರಿತ್ರೆ ಇಂದಿಗೂ ಉಳಿದಿದೆ. ಇಂದು ಬೆಂಗಳೂರಿನಿಂದ ರೈಲಿನಲ್ಲಿ ಹೋಗುವವರಿಗೆ ಎರಡು ರಾತ್ರಿಗಳು ಸಾಕು. ವಿಮಾನದಲ್ಲಿ ಹೋಗುವವರು ಬೆಳಗಿನ ತಿಂಡಿಯನ್ನು ಇಲ್ಲಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ಅಲ್ಲಿ ಎಲೆ ಹಾಕಿಸಿಕೊಳ್ಳಬಹುದು.

ದಾರಿಯಿಲ್ಲದ ಯಾತ್ರೆ ಯಾತ್ರೆಯೇ ಅಲ್ಲವೆಂದು ಆಕ್ಷೇಪಿಸುವ ಹಿರಿಯರನ್ನು ನಾನು ಬಲ್ಲೆನು. ಅವರ ವ್ಯಥೆಯಲ್ಲಿ ಸತ್ಯಾಂಶವಿದೆ; ಆದರೂ ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಸುಮಾರು 1,450 ಕಿಲೋಮೀಟರುಗಳ ಆ ದಾರಿಯು ತನ್ನ ಬೆಟ್ಟ ಹೊಳೆ ಅರಣ್ಯಗಳೊಡನೆ ಕಿಟಕಿಯ ಕೆಳಗೆ ಇದ್ದೇ ಇರುತ್ತದೆ. ಅದನ್ನು ಕಾಣುವುದಕ್ಕೆ ಎಚ್ಚರ ಬೇಕು, ಕಂಡುದನ್ನು ಹೆಸರಿಟ್ಟು ಕರೆಯಬಲ್ಲಷ್ಟು ತಿಳಿವಳಿಕೆ ಬೇಕು. ಮೊದಲ ಸಲ ವಿಮಾನವೇರುವವರನ್ನು ಕಾಡುವ ಭಯಕ್ಕೂ, ಅನೇಕ ಸಲ ಏರಿದವರನ್ನು ಕವಿಯುವ ಬೇಸರಕ್ಕೂ ಮೂಲ ಒಂದೇ ಎಂದು ನನಗೆ ತೋರುತ್ತದೆ: ಕಿವಿಗೆ ಬಿದ್ದ ಸದ್ದು ಯಾವುದೆಂದು ತಿಳಿಯದಿದ್ದರೆ ಭಯ, ಕಣ್ಣಿಗೆ ಬಿದ್ದ ನೆಲ ಯಾವುದೆಂದು ತಿಳಿಯದಿದ್ದರೆ ಬೇಸರ. ಈ ಎಣಿಕೆ ನನ್ನಲ್ಲಿ ದೃಢವಾದುದು ನಮ್ಮ ದೊಡ್ಡಮ್ಮನವರನ್ನು ಕಾಶಿಗೆ ಕರೆದುಕೊಂಡು ಹೋದಾಗ.

ದೊಡ್ಡಮ್ಮ ತಿಪಟೂರಿನವರು, ಎಪ್ಪತ್ತು ದಾಟಿದ ಮೇಲೂ ತೋಟದ ಕಾಯಿ ಕೀಳಿಸುವ ದಿನ ಕಲ್ಲುಬೆಂಚಿನ ಮೇಲೆ ಕುಳಿತು ಲೆಕ್ಕ ಬರೆಸುವವರು. ದೀಪಾವಳಿ ಕಳೆದ ವಾರದಲ್ಲಿ ಹೊರಡುವುದೆಂದು ನಿಶ್ಚಯವಾದಾಗ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೋಡಪ್ಪಾ, ಮೇಲೆ ಹೋದಮೇಲೆ ಏನೇನು ಸದ್ದಾಗುತ್ತೆ, ಏನೇನು ಅಲುಗಾಡುತ್ತೆ, ಎಲ್ಲಾ ಈಗಲೇ ಹೇಳಿಬಿಡು. ಗೊತ್ತಿರೋದಕ್ಕೆ ನಾನು ಹೆದರೋಳಲ್ಲ" ಎಂದರು. ಮೊದಲ ವಿಮಾನಯಾತ್ರೆಗೆ ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆಯನ್ನು ನಾನು ಕಾಣೆನು.

ಗಂಟು ಕಟ್ಟುವಾಗಲೇ ಪಾಠ ಆರಂಭವಾಯಿತು. ವಿಶ್ವನಾಥನಿಗೆಂದು ಅವರು ಆರಿಸಿ ಇಟ್ಟಿದ್ದ ಉಂಡೆ ಕೊಬ್ಬರಿ, ಕರ್ಪೂರ, ಬೆಂಕಿಪೊಟ್ಟಣ ಈ ಮೂರೂ ವಿಮಾನಕ್ಕೆ ನಿಷಿದ್ಧವಾದವು. ಬೆಂಕಿಪೊಟ್ಟಣದ ವಿಷಯದಲ್ಲಿ ವಿವರಣೆ ಬೇಕಿರಲಿಲ್ಲ. ಕರ್ಪೂರವೂ ಥಟ್ಟನೆ ಹತ್ತಿಕೊಳ್ಳುವ ವಸ್ತುವೇ. ಕೊಬ್ಬರಿಯ ನಿಷೇಧವೇಕೆಂಬುದು ಮಾತ್ರ ಅನೇಕರಿಗೆ ಒಗಟಾಗಿ ಉಳಿಯುತ್ತದೆ. ಎಣ್ಣೆ ತುಂಬಿದ ಆ ತಿರುಳು ಗಾಳಿಯೊಡನೆ ಬೆರೆತು ತನ್ನಷ್ಟಕ್ಕೆ ತಾನೇ ಕಾವೇರಬಲ್ಲುದು, ಕಾವು ಹೋಗಲು ಎಡೆಯಿಲ್ಲದ ಕಡೆ ಹೊರಗಿನ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲುದು ಎಂದು ನಾನು ಹೇಳುತ್ತಿದ್ದಂತೆಯೇ ದೊಡ್ಡಮ್ಮ, "ಸರಿಯಾಗಿ ಒಣಗದ ಕೊಬ್ಬರೀನ ಮೂಟೆ ಕಟ್ಟಿಟ್ಟರೆ ಒಳಗೆ ಕೈ ಹಾಕೋಕಾಗದಷ್ಟು ಬಿಸಿಯಾಗುತ್ತೆ, ನಾನು ನೋಡದ್ದೇ?" ಎಂದು ಉಂಡೆಗಳನ್ನು ತಾವೇ ತೆಗೆದು ಗೂಡಿನಲ್ಲಿಟ್ಟರು. ಮಾವಿನ ಉಪ್ಪಿನಕಾಯಿಯ ಜಾಡಿ ಬಿಗಿಯಾದ ಮುಚ್ಚಳದೊಡನೆ ದೊಡ್ಡ ಪೆಟ್ಟಿಗೆಗೆ ಹೋಯಿತು, ಏಕೆಂದರೆ ಕೈಚೀಲದಲ್ಲಿ ಅದಕ್ಕೆ ಪ್ರವೇಶವಿಲ್ಲ. ಮೊಬೈಲಿನ ಪವರ್ ಬ್ಯಾಂಕ್ ಕೈಚೀಲಕ್ಕೆ ಬಂದಿತು, ಏಕೆಂದರೆ ದೊಡ್ಡ ಪೆಟ್ಟಿಗೆಯಲ್ಲಿ ಅದನ್ನು ಇಡುವಂತಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಪೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ, ಕೈಚೀಲ 7 ಕಿಲೋ ಮೀರಕೂಡದು. ಅವಲಕ್ಕಿ ಒಗ್ಗರಣೆ, ಒಂದು ಉಣ್ಣೆಯ ಶಾಲು, ಒಂದು ಪೊಟ್ಟಣ ಕಲ್ಲುಸಕ್ಕರೆ ಇವು ಅವರ ಕೈಯಲ್ಲಿಯೇ ಉಳಿದವು. ಕಲ್ಲುಸಕ್ಕರೆಯ ಪ್ರಯೋಜನವನ್ನು ಮುಂದೆ ಹೇಳುತ್ತೇನೆ.

ಹೊರಟ ದಿನದ ನಸುಕಿನಲ್ಲಿ, ಬೆಂಗಳೂರಿನ ನಮ್ಮ ಮನೆಯಲ್ಲಿ, ದೊಡ್ಡಮ್ಮ ಸಪ್ತನದಿಗಳ ಸ್ಮರಣೆ ಮಾಡುತ್ತ ಮಿಂದರು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಮೇಲೆತ್ತಿ ತಂದ ಕಾವೇರಿಯ ನೀರೇ ನಮ್ಮ ನಲ್ಲಿಯಲ್ಲಿ ಬರುವುದರಿಂದ, ಅವರು ನೆನೆದ ಏಳು ನದಿಗಳಲ್ಲಿ ಒಂದಂತೂ ಸಾಕ್ಷಾತ್ತಾಗಿ ಬಚ್ಚಲಿನಲ್ಲಿಯೇ ಇದ್ದಿತು. ಅಲ್ಲಿಂದ ಉತ್ತರಕ್ಕೆ ನೇರವಾಗಿ ಹಾರಿದರೆ ಗೋದಾವರಿ, ನರ್ಮದೆಯ ಉಗಮದ ಬೆಟ್ಟ, ಗಂಗೆ ಈ ಮೂರೂ ಒಂದೇ ಪೂರ್ವಾಹ್ನದಲ್ಲಿ ಎದುರಾಗುವುವೆಂದು ನಾನು ಹೇಳಿದಾಗ ಅವರು ನಂಬದವರಂತೆ ನನ್ನ ಮುಖವನ್ನು ನೋಡಿದರು. ಬಳಿಕ ಕಿಟಕಿಯ ಪಕ್ಕದ ಸ್ಥಳ ತಮಗೇ ಬೇಕೆಂದರು.

2008ರಿಂದ ಬೆಂಗಳೂರಿನ ವಿಮಾನಗಳು ಹಳೆಯ ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಯ ಬಯಲಿನಿಂದ ಹೊರಡುತ್ತವೆ. ನಿಲ್ದಾಣದ ವಿಧಿವಿಧಾನಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಎರಡು ಗಂಟೆ ಮುಂಚಿತವಾಗಿ ಹೋಗುವುದು, ಸರ್ಕಾರ ಕೊಟ್ಟ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದಿರುವುದು, ಪೆಟ್ಟಿಗೆಯನ್ನು ಒಪ್ಪಿಸಿ ಬೋರ್ಡಿಂಗ್ ಪಾಸನ್ನು ಪಡೆಯುವುದು, ತಪಾಸಣೆಯನ್ನು ದಾಟುವುದು, ಪಾಸಿನಲ್ಲಿ ನಮೂದಾದ ದ್ವಾರದ ಬಳಿ ಕುಳಿತು ಘೋಷಣೆಗೆ ಕಿವಿಗೊಡುವುದು, ಇಷ್ಟೇ. ಹೆಂಗಸರನ್ನು ತೆರೆಯ ಮರೆಯಲ್ಲಿ ಹೆಂಗಸರೇ ತಪಾಸಣೆ ಮಾಡುತ್ತಾರೆ. ಬಳೆಗಳ ಬಳಿ ಯಂತ್ರ ಗುಂಯ್‌ಗುಟ್ಟಿದರೆ ಗಾಬರಿಪಡಬೇಕಾದುದಿಲ್ಲ. ವಿಮಾನ ಹೊರಡುವ ವೇಳೆಗೆ ಅರ್ಧ ಗಂಟೆಯಷ್ಟು ಮೊದಲೇ ದ್ವಾರವನ್ನು ಮುಚ್ಚುವುದುಂಟು ಎಂಬುದೊಂದನ್ನು ಮಾತ್ರ ಮರೆಯಲಾಗದು. ನಡಿಗೆ ದೀರ್ಘವಾದುದು; ವಯೋವೃದ್ಧರಿಗೆ ಮೊದಲೇ ಕೇಳಿದರೆ ಗಾಲಿಕುರ್ಚಿ ದೊರೆಯುತ್ತದೆ. ದೊಡ್ಡಮ್ಮ ನಡೆದೇ ಬಂದರು.

ಸಾಲಿನಲ್ಲಿ ಮೂರು ಆಸನಗಳು. ಬಲಬದಿಯ ಕಿಟಕಿಗೆ ದೊಡ್ಡಮ್ಮ, ನಡುವೆ ನಾನು, ಓಣಿಯ ಅಂಚಿಗೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಚಂದೌಲಿ ಜಿಲ್ಲೆಯವನು, ಬೆಂಗಳೂರಿನ ಕಟ್ಟಡಗಳಲ್ಲಿ ಟೈಲ್ಸ್ ಹಾಸುವ ಕೆಲಸದವನು, ಛಠ್ ಹಬ್ಬಕ್ಕೆ ಊರಿಗೆ ಹೊರಟವನು. ಅವನಿಗೂ ಇದು ಮೊದಲ ವಿಮಾನ. ಸೊಂಟಪಟ್ಟಿಯ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ಅವನು ಅತ್ತಿತ್ತ ನೋಡುತ್ತಿದ್ದುದನ್ನು ಕಂಡ ದೊಡ್ಡಮ್ಮ, ಐದು ನಿಮಿಷದ ಹಿಂದೆಯಷ್ಟೇ ತಾವು ಕಲಿತಿದ್ದ ವಿದ್ಯೆಯನ್ನು ನನ್ನ ಮಡಿಲಿನ ಮೇಲಿಂದ ಕೈಚಾಚಿ ಅವನಿಗೆ ತೋರಿಸಿದರು: ಚಪ್ಪಟೆ ನಾಲಿಗೆಯನ್ನು ಕೊಂಡಿಯೊಳಗೆ ತಳ್ಳುವುದು, ಟಕ್ಕೆಂದ ಮೇಲೆ ಪಟ್ಟಿಯ ಬಾಲವನ್ನು ಎಳೆದು ಬಿಗಿಮಾಡುವುದು, ಬಿಚ್ಚಬೇಕಾದಾಗ ಮೇಲಿನ ರೆಪ್ಪೆಯನ್ನು ಎತ್ತುವುದು. "ಥ್ಯಾಂಕ್ಸ್ ಅಮ್ಮಾ, ಸ್ವಲ್ಪ ಸ್ವಲ್ಪ ಕನ್ನಡ ಬರುತ್ತೆ" ಎಂದನು ಅವನು. ಗೊರೂರಿನ ಕ್ಯಾಪ್ಟನ್ ಗೋಪೀನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ, ಸಾಮಾನ್ಯ ಜನರೂ ವಿಮಾನವೇರಬೇಕೆಂದು ಹಟ ಹಿಡಿದಾಗ ಅನೇಕರು ಅದನ್ನು ಹಗಲುಗನಸೆಂದು ಬಗೆದರು. ಆ ಸಂಸ್ಥೆ ಬಹುಕಾಲ ಉಳಿಯಲಿಲ್ಲ. ಆದರೆ ಅದು ತೆರೆದ ಬಾಗಿಲಿನಿಂದ ಒಳಗೆ ಬಂದವರಲ್ಲಿ ಈ ಹುಡುಗನೂ ಒಬ್ಬನೆಂದು ನಾನು ಕೃತಜ್ಞತೆಯಿಂದ ನೆನೆದೆನು.

ವಿಮಾನವು ಹಿಂದಕ್ಕೆ ಸರಿಯುತ್ತಿರುವಾಗ ಕಾಲ ಕೆಳಗಿನಿಂದ ಗರಗಸವೆಳೆದಂತಹ ಸದ್ದು ಎರಡು ಮೂರು ಸಲ ಬಂದಿತು. ಏರ್‌ಬಸ್ 320 ಜಾತಿಯ ವಿಮಾನಗಳಲ್ಲಿ ಇದು ನಿತ್ಯದ ಧ್ವನಿ. ಚಕ್ರಗಳನ್ನೂ ರೆಕ್ಕೆಯ ಪಟ್ಟಿಗಳನ್ನೂ ಚಲಾಯಿಸುವ ಎಣ್ಣೆಯ ಒತ್ತಡದ ಎರಡು ವ್ಯವಸ್ಥೆಗಳ ನಡುವೆ ಬಲವನ್ನು ಸರಿದೂಗಿಸುವ ಒಂದು ಯಂತ್ರದಿಂದ ಹುಟ್ಟುವಂಥದು. "ಇದು ನೀನು ಹೇಳಿದ್ದ ಮೊದಲನೇದು" ಎಂದು ದೊಡ್ಡಮ್ಮ ಬೆರಳು ಮಡಿಸಿದರು. ಬಳಿಕ ರೆಕ್ಕೆಯ ಹಿಂಬದಿಯಿಂದ ಪಟ್ಟಿಗಳು ಗುರ್ರೆನ್ನುತ್ತ ಹಿಂದಕ್ಕೂ ಕೆಳಕ್ಕೂ ಚಾಚಿಕೊಂಡವು. ವೇಗ ಇನ್ನೂ ಕಡಿಮೆಯಿರುವಾಗಲೇ ರೆಕ್ಕೆಯು ಹೆಚ್ಚಿನ ಭಾರವನ್ನು ಎತ್ತಬೇಕಾದುದರಿಂದ ಈ ವಿಸ್ತಾರ. ಅದು ಎರಡನೆಯದಾಯಿತು. ನಾಲ್ಕು ಸಾವಿರ ಮೀಟರ್ ಉದ್ದದ ಓಟದ ಹಾದಿಯ ತುದಿಯಲ್ಲಿ ಒಂದು ಗಳಿಗೆ ನಿಂತು, ಇಂಜಿನುಗಳ ಧ್ವನಿ ಒಮ್ಮೆಲೇ ಏರಿದಾಗ ಬೆನ್ನು ಆಸನಕ್ಕೆ ಒತ್ತಿಕೊಂಡಿತು. ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ಮುಂಭಾಗ ಮೇಲೆದ್ದು, ಎಪ್ಪತ್ತು ಟನ್ನುಗಳಷ್ಟಾದರೂ ಇರಬಹುದಾದ ಆ ಭಾರವನ್ನು ರೆಕ್ಕೆಗಳು ನೆಲದಿಂದ ಬಿಡಿಸಿಕೊಂಡವು. ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿಯು ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ತತ್ತ್ವವು ಇಷ್ಟು ಸರಳವಾಗಿದ್ದರೂ ಅದನ್ನು ಬೆನ್ನಮೂಳೆಯಲ್ಲಿ ಅನುಭವಿಸುವ ಆ ಕ್ಷಣದ ಗಾಂಭೀರ್ಯ ಎಷ್ಟು ಸಲ ಹಾರಿದರೂ ನನ್ನಲ್ಲಿ ಕುಂದಿಲ್ಲ.

ಚಕ್ರಗಳು ಹೊಟ್ಟೆಯೊಳಗೆ ಮಡಿಸಿಕೊಂಡು ಬಾಗಿಲು ಮುಚ್ಚಿಕೊಳ್ಳುವಾಗ ಧಡಕ್ಕೆಂದಿತು, ಮೂರನೆಯ ಬೆರಳು. ಅನಂತರ ಬರುವುದೇ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸುವಂಥದು. ನೆಲದಿಂದ ಸಾವಿರ, ಒಂದೂವರೆ ಸಾವಿರ ಅಡಿ ಏರಿದ ಮೇಲೆ ಇಂಜಿನುಗಳ ಬಲವನ್ನು ಏರುವಿಕೆಗೆ ಬೇಕಾದಷ್ಟಕ್ಕೆ ಇಳಿಸುತ್ತಾರೆ. ಸದ್ದು ತಗ್ಗುತ್ತದೆ, ಬೆನ್ನಿನ ಒತ್ತಡ ಸಡಿಲುತ್ತದೆ, ವಿಮಾನವು ಜಾರಿ ಬೀಳುತ್ತಿರುವಂತೆ ಹೊಟ್ಟೆ ಹಗುರವಾಗುತ್ತದೆ. ವಾಸ್ತವವಾಗಿ ಅದು ಏರುತ್ತಲೇ ಇರುತ್ತದೆ. ಓಣಿಯ ಕಡೆಯ ಹುಡುಗ ಮುಂದಿನ ಆಸನದ ಬೆನ್ನನ್ನು ಹಿಡಿದುಕೊಂಡನು. ದೊಡ್ಡಮ್ಮ ಅವನತ್ತ ಬಗ್ಗಿ, "ಏನೂ ಆಗಿಲ್ಲ ಕಣಪ್ಪಾ, ಸದ್ದು ಕಮ್ಮಿ ಮಾಡಿದಾರೆ ಅಷ್ಟೆ" ಎಂದರು. ಆ ಸಮಾಧಾನದ ದನಿಯಲ್ಲಿ, ತಿಳಿದವರೊಬ್ಬರು ತಿಳಿಯದವರಿಗೆ ಹೇಳುವ ಸ್ಥೈರ್ಯವಿದ್ದಿತು.

ಮೇಲಿನ ಗಾಳಿಯನ್ನು ಕುರಿತು ಒಂದೆರಡು ಮಾತು. ಮೂವತ್ತಾರು ಸಾವಿರ ಅಡಿಯ ಎತ್ತರದಲ್ಲಿ ಹೊರಗಿನ ಉಷ್ಣತೆಯು ಸೊನ್ನೆಗಿಂತ ಐವತ್ತು ಡಿಗ್ರಿಗಳಷ್ಟು ಕೆಳಗಿರುತ್ತದೆ. ಅಲ್ಲಿಯ ಗಾಳಿ ಉಸಿರಾಟಕ್ಕೆ ಸಾಲುವಂಥದಲ್ಲ. ಒಳಗಿನ ಗಾಳಿಯನ್ನು ಯಂತ್ರಗಳಿಂದ ಒತ್ತಿ ತುಂಬಿ, ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿನ ಸ್ಥಿತಿಯಲ್ಲಿ ಇಟ್ಟಿರುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿ 6,330 ಅಡಿ. ಅಲ್ಲಿ ನಿಂತು ಉಸಿರಾಡಿದವರು ವಿಮಾನದಲ್ಲಿಯೂ ಸುಖವಾಗಿ ಉಸಿರಾಡಬಲ್ಲರು. ಆದರೆ ಆ ಗಾಳಿ ಬಹಳ ಒಣಗಿದ್ದು. ಆಗಾಗ ಗುಟುಕು ನೀರು ಕುಡಿಯಬೇಕು, ಶಾಲು ಹೊದೆಯಬೇಕು. ಒತ್ತಡ ಬದಲಾಗುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಏರುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು. ಗಂಟಲಿನಿಂದ ನಡುಗಿವಿಗೆ ಹೋಗುವ ಸಣ್ಣ ನಾಳವು ನುಂಗಿದಾಗಲೂ ಆಕಳಿಸಿದಾಗಲೂ ತೆರೆದುಕೊಂಡು ಒತ್ತಡವನ್ನು ಸಮಮಾಡುವುದರಿಂದ, ಬಾಯಲ್ಲಿ ಕಲ್ಲುಸಕ್ಕರೆಯ ಹರಳೊಂದಿದ್ದರೆ ಉಪಶಮನ ತಾನಾಗಿಯೇ ಆಗುತ್ತದೆ. ದೊಡ್ಡಮ್ಮ ಇನ್ನೊಂದನ್ನು ತಾವಾಗಿ ಕಂಡುಹಿಡಿದರು. ಕಿಟಕಿಯ ಗಾಜಿನ ಕೆಳಭಾಗದಲ್ಲಿ ಸಾಸಿವೆಯ ಕಾಳು ತೂರುವಷ್ಟು ಸಣ್ಣದೊಂದು ರಂಧ್ರ. ಅದರ ಸುತ್ತ ಹಿಮದ ಎಳೆಗಳು ಕ್ರಮೇಣ ಹರಡಿಕೊಳ್ಳುತ್ತಿದ್ದವು. ಗಾಜು ಒಡೆದಿದೆಯೆಂದು ತಿಳಿಯಬಾರದು. ಕಿಟಕಿಗೆ ಮೂರು ಪದರಗಳಿರುತ್ತವೆ, ಒತ್ತಡದ ಭಾರವನ್ನೆಲ್ಲ ಹೊರಗಿನ ಪದರವೇ ಹೊರುವಂತೆ ನಡುವಿನದಕ್ಕೆ ಬೇಕೆಂದೇ ಕೊರೆದ ರಂಧ್ರವದು.

ಇನ್ನು ನೆಲದ ವಿಷಯ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿಯೇ. ವಿಮಾನದ ದಾರಿ ದಿನದಿನಕ್ಕೆ ಸ್ವಲ್ಪ ಹೊರಳಿದರೂ ಅದರ ದಿಕ್ಕು ಈಶಾನ್ಯಕ್ಕೆ ವಾಲಿದ ಉತ್ತರವೇ. ನಂದಿಬೆಟ್ಟವನ್ನು ದಾಟಿದೊಡನೆ ಚಿಕ್ಕಬಳ್ಳಾಪುರದ ಸೀಮೆಯ ಕೆರೆಗಳು ಕಾಣತೊಡಗಿದವು. ಮಳೆಗಾಲ ಮುಗಿದ ಹೊಸತಾದುದರಿಂದ ಬಹುಮಟ್ಟಿಗೆ ಎಲ್ಲವೂ ತುಂಬಿದ್ದವು. ಸೂರ್ಯನು ಬಲಗಡೆ ಇದ್ದುದರಿಂದ ಅವನ ಬಿಂಬವು ಒಂದು ಕೆರೆಯಲ್ಲಿ ಝಗ್ಗನೆ ಹೊಳೆದು, ಆರಿ, ಕ್ಷಣದಲ್ಲಿಯೇ ಅದರ ಕೆಳಗಣ ಕೆರೆಯಲ್ಲಿ ಹೊಳೆಯುತ್ತ, ನಮ್ಮ ಜೊತೆಗೇ ಓಡಿಬಂದಿತು. ಒಂದರ ಕೋಡಿ ಹರಿದು ಇನ್ನೊಂದಕ್ಕೆ ಸೇರುವಂತೆ ಹಿಂದಿನವರು ಕಟ್ಟಿದ ಕೆರೆಸಾಲುಗಳನ್ನು ಕುರಿತು ಪುಸ್ತಕಗಳಲ್ಲಿ ಎಷ್ಟು ಓದಿದರೂ, ಏರಿಯ ಮೇಲೆ ನಿಂತವನಿಗೆ ಒಂದು ಕೆರೆ ಮಾತ್ರ ಕಾಣುತ್ತದೆ. ಅದರ ಬಂಧುಬಳಗವನ್ನೆಲ್ಲ ಒಟ್ಟಿಗೆ ಕಾಣುವ ಭಾಗ್ಯ ಮೇಲಿನಿಂದ ನೋಡುವವನಿಗೆ ಮೀಸಲು. ಕಟ್ಟಿದವರು ಯಾವ ಎತ್ತರಕ್ಕೂ ಏರದೆ, ನೀರಿನ ಓಟವನ್ನು ಕಾಲ್ನಡಿಗೆಯಲ್ಲಿಯೇ ಅಳೆದು ಇದನ್ನು ಸಾಧಿಸಿದರೆಂಬುದನ್ನು ನೆನೆದರೆ ಮನಸ್ಸು ತಾನಾಗಿ ನಮಿಸುತ್ತದೆ.

ನಂದಿಯ ಸೀಮೆಯಲ್ಲಿಯೇ ಹುಟ್ಟಿದ ಉತ್ತರ ಪಿನಾಕಿನಿ, ಆಂಧ್ರದಲ್ಲಿ ಪೆನ್ನೇರು ಎಂದು ಕರೆಸಿಕೊಂಡು, ಅಗಲವಾದ ಮರಳ ಹಾಸಿನಲ್ಲಿ ಸಣ್ಣ ನೀರಿನ ಗೆರೆಯಾಗಿ ಪೂರ್ವಕ್ಕೆ ತಿರುಗುವುದು ಕಂಡಿತು. ಮುಂದೆ ನಲ್ಲಮಲೆಯ ಕಾಡುಗಳು. ಅವುಗಳ ಅಂಚಿನಲ್ಲಿ ಕೃಷ್ಣೆ. ನಾಗಾರ್ಜುನಸಾಗರದ ಕಲ್ಲುಕಟ್ಟಡದ ಅಣೆಕಟ್ಟೆಯ ಹಿಂದೆ ನೀರು ಬೆಟ್ಟಗಳ ಸಂದುಸಂದುಗಳಲ್ಲಿ ನುಗ್ಗಿ ನಿಂತಿತ್ತು. ಗೋದಾವರಿ ಬಂದಾಗ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಅಷ್ಟು ಎತ್ತರದಿಂದಲೂ ಕಿಟಕಿಯ ಮುಕ್ಕಾಲು ಪಾಲನ್ನು ಅಡ್ಡಲಾಗಿ ತುಂಬಿದ ಆ ವಿಸ್ತಾರವನ್ನು ಕಂಡು ದೊಡ್ಡಮ್ಮ "ಗೋದಾವರಿ ಅಲ್ವೇನೋ ಇದು!" ಎಂದು ಕೈಜೋಡಿಸಿದರು. ಪ್ರಾಣಹಿತೆಯು ಬಂದು ಅವಳನ್ನು ಕೂಡುವ ಕಾಳೇಶ್ವರದ ಸಂಗಮವು ಎಡಬದಿಗೆ, ಪಶ್ಚಿಮದಲ್ಲಿ ಉಳಿಯಿತೆಂದು ನಾನು ಹೇಳಿದೆನು. ಅವರು ಓಣಿಯಾಚೆಯ ಕಿಟಕಿಯತ್ತ ಕತ್ತು ನೀಡಿದರು. ಅಲ್ಲಿದ್ದವರು ಪರದೆ ಇಳಿಸಿ ಮಲಗಿದ್ದರು.

ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವನ್ನೇರಿ ಬರುವ ರಾಮನು ಕೆಳಗಿನ ಕಡಲು, ಗೋದಾವರಿ, ಚಿತ್ರಕೂಟ, ಗಂಗಾಯಮುನೆಯರ ಸಂಗಮಗಳನ್ನು ಸೀತೆಗೆ ಒಂದೊಂದಾಗಿ ತೋರಿಸುತ್ತಾನೆ. ಆಕಾಶಯಾತ್ರಿಕನ ನಿಜವಾದ ಸುಖವು ಕೆಳಗಿನ ನೆಲವನ್ನು ಪಕ್ಕದಲ್ಲಿರುವವರಿಗೆ ಹೆಸರಿಟ್ಟು ತೋರಿಸುವುದರಲ್ಲಿದೆಯೆಂಬುದನ್ನು, ನೆಲವನ್ನು ಬಿಟ್ಟೇಳದ ಕಾಳಿದಾಸನು ಹೇಗೆ ಅರಿತನೋ! ಪರದೆ ಇಳಿಸಿ ಮಲಗುವವರನ್ನು ಕಂಡಾಗ ನನಗೆ ಸಂಕಟವಾಗುವುದು ಈ ಕಾರಣದಿಂದಲೇ.

ಛತ್ತೀಸಗಡದ ಕಾಡುಗಳ ಮೇಲೆ ಮೋಡಗಳು ಕೂಡಿದವು. ಟಣ್ ಎಂದು ಗಂಟೆಯಾಗಿ ಸೊಂಟಪಟ್ಟಿಯ ದೀಪ ಹತ್ತಿತು; ವಿಮಾನವು ಕುಲುಕಾಡಿ, ಒಂದೆರಡು ಸಲ ತಟಕ್ಕನೆ ಕುಸಿದು ಎದ್ದಿತು. ರೆಕ್ಕೆಯ ತುದಿ ಮೇಲಕ್ಕೂ ಕೆಳಕ್ಕೂ ಬಾಗುತ್ತಿರುವುದು ಕಂಡಿತು. ಬಾಗುವುದಕ್ಕೆಂದೇ ಅದನ್ನು ರಚಿಸಿರುತ್ತಾರೆ. ಹಾರಾಟದಲ್ಲಿ ಬರುವ ಎಂತಹ ಹೊಡೆತಕ್ಕಿಂತಲೂ ಹೆಚ್ಚಿನ ಭಾರವನ್ನು ಹೇರಿ ಪರೀಕ್ಷಿಸಿದ ಬಳಿಕವೇ ಆ ಮಾದರಿಯ ವಿಮಾನಕ್ಕೆ ಜನರನ್ನು ಹೊರುವ ಅನುಮತಿ. ಗಾಳಿಯ ಕುಲುಕಾಟದಲ್ಲಿ ಪೆಟ್ಟಾಗುವುದು ಬಹುತೇಕ ಪಟ್ಟಿ ಕಟ್ಟದೆ ಎದ್ದು ನಿಂತವರಿಗೆ. ದೊಡ್ಡಮ್ಮ ಪಟ್ಟಿಯನ್ನು ಎಳೆದು ನೋಡಿಕೊಂಡು, ಹುಡುಗನದನ್ನೂ ಕಣ್ಣಿನಲ್ಲಿಯೇ ವಿಚಾರಿಸಿ, ಹೊರಗೆ ನೋಡುವುದನ್ನು ಮುಂದುವರಿಸಿದರು. ಮೋಡ ಹರಿದಾಗ ಕೆಳಗೆ ಮೈಕಲ ಪರ್ವತಗಳ ಕಡುಹಸುರು ಚಾಚಿಕೊಂಡಿದ್ದಿತು. ಅಲ್ಲಿಯೇ ಅಮರಕಂಟಕ. ನರ್ಮದೆ ಹುಟ್ಟುವ ಕುಂಡ ಅಷ್ಟು ಎತ್ತರದಿಂದ ಕಾಣುವಂಥದಲ್ಲ. ಆದರೆ ಅದೇ ಬೆಟ್ಟದ ನೆತ್ತಿಯಿಂದ ನರ್ಮದೆ ಪಶ್ಚಿಮದ ಕಡಲಿಗೂ ಶೋಣೆ ಉತ್ತರಕ್ಕೆ ಇಳಿದು ಗಂಗೆಗೂ ಹೊರಡುವುವೆಂದು ಕೇಳಿದ ದೊಡ್ಡಮ್ಮ, ಕಾಣದ ಕುಂಡದ ಕಡೆಗೇ ಬಹಳ ಹೊತ್ತು ನೋಡುತ್ತಿದ್ದರು.

ಅಲ್ಲಿಂದ ಮುಂದೆ ಹೆಸರು ಹೇಳುವ ಕೆಲಸವನ್ನು ಓಣಿಯ ಕಡೆಯ ಹುಡುಗ ವಹಿಸಿಕೊಂಡನು. ಇಂಜಿನುಗಳು ಮೆತ್ತಗಾಗಿ ಇಳಿತ ಆರಂಭವಾಗಿದ್ದಿತು. ಮರಳ ದಿಬ್ಬಗಳ ನಡುವೆ ಅಗಲವಾಗಿ ಹರಿಯುವ ಹೊಳೆಯನ್ನು ಕಂಡು ಅವನು ನನ್ನ ಭುಜದ ಮೇಲಿಂದ ಬಗ್ಗಿ "ಸೋನ್, ಅಮ್ಮಾ, ಸೋನ್!" ಎಂದನು, ನಾವು ಶೋಣೆಯೆಂದುದನ್ನೇ. ಬಳಿಕ ಬರಡು ಬೆಟ್ಟಗಳ ಅಂಚು ಕಳೆದು, ಹಸುರು ಬಯಲು ತೆರೆದುಕೊಂಡು, ಅದರ ನಡುವೆ ಎರಡು ಕಡೆಗೂ ಬಿಳಿಯ ಮರಳನ್ನು ಹರಡಿ ದೊಡ್ಡ ಬಳಸಿನಲ್ಲಿ ತಿರುಗುವ ನದಿ ಕಂಡಾಗ ಅವನ ದನಿಯೇ ಬದಲಾಯಿತು. "ಅಲ್ಲಿ ಚುನಾರ್. ಆ ಕಡೆ ನಮ್ಮ ಊರು. ಇದು ಗಂಗಾಜೀ." ದೊಡ್ಡಮ್ಮ ಮಾತನಾಡಲಿಲ್ಲ, ಕಲ್ಲುಸಕ್ಕರೆಯ ಪೊಟ್ಟಣವನ್ನು ಅವನ ಕೈಗೆ ಕೊಟ್ಟರು.

ಈ ಗಂಗೆಯ ಮೇಲುಹರಿವಿನಲ್ಲಿ, ಪ್ರಯಾಗದಲ್ಲಿಯೇ, 1911ರ ಫೆಬ್ರವರಿ 18ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ಯುವಕನು ಸುಮಾರು 6,500 ಕಾಗದಗಳ ಮೂಟೆಯನ್ನು ಹೊತ್ತು ಯಮುನೆಯನ್ನು ದಾಟಿ ನೈನಿಯಲ್ಲಿ ಇಳಿದನು. ಲೋಕದ ಮೊದಲ ಅಧಿಕೃತ ವಿಮಾನ ಅಂಚೆ ಅದು. ಹತ್ತು ಕಿಲೋಮೀಟರುಗಳಷ್ಟು ದೂರದ ಆ ಹಾರಾಟವನ್ನು ನೋಡಲು ಅಂದು ಜನ ಕಿಕ್ಕಿರಿದಿದ್ದರು. ಇಂದು ಅದೇ ಆಕಾಶದಲ್ಲಿ ತಿಪಟೂರಿನ ಹಿರಿಯರೊಬ್ಬರೂ ಚಂದೌಲಿಯ ಕೆಲಸಗಾರನೊಬ್ಬನೂ ಒಂದೇ ಸಾಲಿನಲ್ಲಿ ಕುಳಿತು ಇಳಿಯುತ್ತಿದ್ದರು. ಈ ದೇಶವು ಸಾಧಿಸಿದ ಒಳ್ಳೆಯ ಕಾರ್ಯಗಳ ಲೆಕ್ಕದಲ್ಲಿ ಇದನ್ನೂ ಬರೆಯಬೇಕೆಂದು ನಾನು ಬಗೆಯುತ್ತೇನೆ.

ಇಳಿಯುವಾಗಿನ ಸದ್ದುಗಳು ಬಹುಮಟ್ಟಿಗೆ ಏರುವಾಗಿನವೇ: ಪಟ್ಟಿಗಳು ಚಾಚುವುದು, ಚಕ್ರಗಳು ಧಡಕ್ಕೆಂದು ಹೊರಗೆ ಬರುವುದು, ನೆಲ ಮುಟ್ಟಿದ ಪೆಟ್ಟು, ಕೂಡಲೇ ಇಂಜಿನುಗಳ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗವನ್ನು ತಡೆಯುವಾಗಿನ ಘರ್ಜನೆ. ಕಾಶಿಯ ಬಾಬತ್‌ಪುರದ ನಿಲ್ದಾಣದಲ್ಲಿ ವಿಮಾನ ನಿಲ್ಲುವ ಮೊದಲೇ ಜನ ಎದ್ದು ತಲೆಯ ಮೇಲಿನ ಚೀಲಗಳನ್ನು ಎಳೆಯತೊಡಗಿದರು. ದೀಪ ಆರುವತನಕ ಏಳಬಾರದೆಂದು ಹೇಳಿದ್ದ ಮಾತನ್ನು ದೊಡ್ಡಮ್ಮ ಪಾಲಿಸಿದರು. ಅವರನ್ನು ನೋಡಿ ಹುಡುಗನೂ ಕುಳಿತೇ ಇದ್ದನು.

ಪೆಟ್ಟಿಗೆಗಳು ಬರುವ ಪಟ್ಟೆಯ ಬಳಿ ಅವನು ನಮ್ಮದನ್ನು ಇಳಿಸಿಕೊಟ್ಟು, ದೊಡ್ಡಮ್ಮನವರ ಕಾಲು ಮುಟ್ಟಿ, ಗುಂಪಿನಲ್ಲಿ ಹೋದನು. ಉಪ್ಪಿನಕಾಯಿಯ ಜಾಡಿ ಸೋರಿರಲಿಲ್ಲ. ಟ್ಯಾಕ್ಸಿಯವನೊಡನೆ ಬಾಡಿಗೆಯನ್ನು ಮಾತಾಡಿ ಪೆಟ್ಟಿಗೆಯನ್ನು ಹಿಂದೆ ಇಡಿಸುತ್ತಿರುವಾಗ ದೊಡ್ಡಮ್ಮ, "ವಾಪಸ್ ಹೋಗೋವಾಗ ಎಡಗಡೆ ಕಿಟಕಿ ಹಾಕಿಸಪ್ಪಾ. ಆ ಕಾಳೇಶ್ವರದ ಸಂಗಮ ನೋಡಬೇಕು" ಎಂದರು.

"ವಾಪಸ್ ಹೋಗೋವಾಗ ದಕ್ಷಿಣಕ್ಕೆ ಮುಖ ದೊಡ್ಡಮ್ಮ, ಪಶ್ಚಿಮ ಬಲಗಡೆಗೇ ಬರುತ್ತೆ. ನೀವು ಈಗ ಕೂತಿದ್ದ ಬದಿಯೇ ಆಗಬೇಕು."

ಅವರು ನಿಂತಲ್ಲಿಯೇ ದಕ್ಷಿಣಕ್ಕೆ ತಿರುಗಿ, ಬಲಗೈಯನ್ನು ಚಾಚಿ ನೋಡಿ, "ಹೌದಲ್ವೇ! ಹಾಗಾದ್ರೆ ಇವತ್ತೇ ಬರೆಸಿಬಿಡು, ಬೇರೆ ಯಾರಾದರೂ ತಗೊಂಡಾರು" ಎಂದು ಕಾರಿನೊಳಗೆ ಕುಳಿತರು.